ಚ ಎಂದರೆ ಚೀಲವಲ್ಲ

14 ಜುಲೈ 2024, ಭಾನುವಾರ
ತೀರ್ಥಹಳ್ಳಿ

ಬೆಳಗಿನಿಂದ ಮಳೆ ಬಿಟ್ಟಿಲ್ಲ. ತೋಟಕ್ಕೆ ಔಷಧಿ ಹೊಡೆಯಬೇಕಿದ್ದವರು ಬರಲಿಲ್ಲ, ಮಧ್ಯಾಹ್ನದ ಹೊತ್ತಿಗೆ ಕರೆಂಟೂ ಹೋಯಿತು. ತಂಗಿಯ ಮಗಳು ಜಗಲಿಯಲ್ಲಿ ಬೀಜಗಣಿತದ ಪುಸ್ತಕ ಹರಡಿಕೊಂಡು ಕುಳಿತಿದ್ದಳು. ಎಂಟನೇ ತರಗತಿ. ಒಂದೇ ಲೆಕ್ಕವನ್ನು ಅಳಿಸಿ ಅಳಿಸಿ ಹಾಳೆ ಹರಿಯುವಂತಾಗಿತ್ತು.

5ಚ − 3 = 2ಚ + 12. ಪುಸ್ತಕದಲ್ಲಿದ್ದದ್ದು ಎಕ್ಸ್, ನಾನು ಅದನ್ನು ಚ ಮಾಡಿದೆ. ಅವಳು ಬರೆದದ್ದು 7ಚ = 15. "ಆ ಕಡೆಗೆ ಹೋದರೆ ಚಿಹ್ನೆ ಬದಲಾಗುತ್ತದೆ ದೊಡ್ಡಮ್ಮ. ಮೂರಕ್ಕೆ ಬದಲಾಯಿಸಿದೆ, ಇನ್ನೊಂದಕ್ಕೆ ಮರೆತೆ."

ಈ ಮಾತು ನನಗೆ ಆಗುವುದೇ ಇಲ್ಲ. ಯಾವ ಸಂಖ್ಯೆಯೂ ಎದ್ದು ಆ ಕಡೆಗೆ ಹೋಗುವುದಿಲ್ಲ. ಹಾಳೆಯ ಮೇಲೆ ತಕ್ಕಡಿ ಬರೆದೆ. ಎಡತಟ್ಟೆಯಲ್ಲಿ ಒಂದೇ ತೂಕದ ಐದು ಚೀಲ ಅಡಿಕೆ, ಅದರಿಂದ 3 ಕೆಜಿ ತೆಗೆದಿದ್ದಾರೆ. ಬಲತಟ್ಟೆಯಲ್ಲಿ ಎರಡು ಚೀಲ, ಜೊತೆಗೆ 12 ಕೆಜಿ ಕಲ್ಲು. ಮುಳ್ಳು ನಡುವೆ ನಿಂತಿದೆ.

"ತೆಗೆದ ಮೂರನ್ನು ಎಡಕ್ಕೆ ಹಾಕಿದರೆ?"

"ಬಲಕ್ಕೂ ಮೂರು ಹಾಕಬೇಕು."

5ಚ = 2ಚ + 15. ಎರಡೂ ತಟ್ಟೆಯಿಂದ ಎರಡೆರಡು ಚೀಲ ಇಳಿಸಿದಳು. 3ಚ = 15, ಚ = 5.

ಅಂಚಿನಲ್ಲಿ 'ಚ ಎಂದರೆ ಚೀಲ' ಎಂದು ಬರೆದುಕೊಂಡಳು. ಅದನ್ನು ಹೊಡೆದು ಹಾಕಿಸಿದೆ. ಚ ಚೀಲವಲ್ಲ, ಒಂದು ಚೀಲದಲ್ಲಿ ಎಷ್ಟು ಕೆಜಿ ಇದೆಯೋ ಆ ಸಂಖ್ಯೆ. ಇದು ಈಗಲೇ ಮನಸ್ಸಿಗೆ ಕೂರಬೇಕು. ಇಲ್ಲವಾದರೆ ನಾಳೆ ಚ ಇಂದ ಚ ಗುಣಿಸುವಾಗ, ಚೀಲವನ್ನು ಚೀಲದಿಂದ ಗುಣಿಸುವುದು ಹೇಗೆಂದು ಮಗು ಕಂಗಾಲಾಗುತ್ತದೆ.

ಮುಂದಿನದು ಆವರಣದ ಲೆಕ್ಕ: 10 − 2(ಚ − 3) = 4. ಅವಳು 10 − 2ಚ − 6 = 4 ಎಂದು ಬಿಡಿಸಿ ಸೊನ್ನೆ ಉತ್ತರ ತಂದಳು. ಸೊನ್ನೆಯನ್ನೇ ಹಾಕಿ ನೋಡು ಎಂದೆ. 16 ಬಂತು, ಬರಬೇಕಾದದ್ದು 4.

"ಕಳೆಯಬೇಕಾದದ್ದು ಇಡೀ ಚ ಅಲ್ಲ, ಅದಕ್ಕಿಂತ ಮೂರು ಕಡಿಮೆ. ಇಡೀ ಚ ಕಳೆದರೆ ಪ್ರತಿ ಸಲವೂ ಮೂರು ಹೆಚ್ಚು ಕಳೆದಂತೆ. ಎರಡು ಸಲಕ್ಕೆ?"

ಸ್ವಲ್ಪ ಹೊತ್ತು ಮಳೆಯನ್ನೇ ನೋಡಿದಳು. "ಆರು. ಆರು ವಾಪಸ್ ಕೊಡಬೇಕು."

ವಾಪಸ್ ಕೊಡಬೇಕು ಎಂಬುದು ಅವಳದೇ ಮಾತು. ನನಗೆ ರೋಮಾಂಚನವಾಯಿತು. ಕ್ರಿ.ಶ. 628ರಲ್ಲಿ ಗಣಿತಜ್ಞ ಬ್ರಹ್ಮಗುಪ್ತ ಸೊನ್ನೆಗಿಂತ ಹೆಚ್ಚಿನದನ್ನು ಧನ, ಕಡಿಮೆಯದನ್ನು ಋಣ ಎಂದು ಕರೆದು, ಸೊನ್ನೆಯಿಂದ ಋಣ ಕಳೆದರೆ ಧನವಾಗುತ್ತದೆ ಎಂದಿದ್ದ. ಸಾಲ ಕಳೆದರೆ ಅಷ್ಟು ಹಣ ಕೈಗೆ ಬಂದಂತೆ. ಇವತ್ತಿನ ಪಠ್ಯಪುಸ್ತಕದಲ್ಲೂ ಅವೇ ಎರಡು ಪದಗಳಿವೆ, ಆದರೆ ಅವುಗಳ ಒಳಗೆ ಸಾಲವೂ ದುಡ್ಡೂ ಇದೆ ಎಂದು ಮಕ್ಕಳಿಗೆ ಯಾರೂ ಹೇಳುವುದಿಲ್ಲ.

16 − 2ಚ = 4. ಎರಡೂ ಕಡೆಗೆ 2ಚ ಸೇರಿಸಿ, ನಾಲ್ಕು ಕಳೆದಳು: 12 = 2ಚ. ಚ = 6. ನಾನು ಹೇಳುವ ಮೊದಲೇ ತಾಳೆ ನೋಡಿದಳು.

ರಾತ್ರಿ ಅವಳು ಮಲಗಿದ ಮೇಲೆ ನೋಟ್‌ಬುಕ್ ತೆರೆದು ನೋಡಿದೆ. ಉಳಿದ ಲೆಕ್ಕಗಳಲ್ಲಿ ಒಂದು ಮೊದಲು ತಪ್ಪಾಗಿತ್ತು. ಅಳಿಸಿರಲಿಲ್ಲ. ತಪ್ಪಿದ ಸಾಲಿನ ಮೇಲೆ ಒಂದೇ ಗೆರೆ ಎಳೆದು, ಅದರ ಕೆಳಗಿನಿಂದ ಮುಂದುವರಿಸಿದ್ದಳು.