ಶೋಲಾವರಂ ರನ್‌ವೇಲಿ ನಮ್ ಮಾವನ ಯೆಜ್ಡಿ

ಮದ್ರಾಸ್ ರೇಸು ಅಂದ್ರೆ ಈಗಿನ ಹುಡುಗ್ರು ಇರುಂಗಾಟ್ಟುಕೋಟೈ ಟ್ರ್ಯಾಕು ಅನ್ಕೋತಾರೆ, ಅದು ಶುರುವಾಗಿದ್ದು 1990ರ ಹೊತ್ತಿಗೆ. ಅದಕ್ಕಿಂತ ಮುಂಚೆ ಎಲ್ಲಾ ಶೋಲಾವರಂನಲ್ಲೇ. ಮದ್ರಾಸಿಂದ ಉತ್ತರಕ್ಕೆ ರೆಡ್ ಹಿಲ್ಸ್ ದಾಟಿದ್ರೆ ಎರಡನೇ ಮಹಾಯುದ್ಧದ ಕಾಲದ ಏರ್‌ಸ್ಟ್ರಿಪ್ಪು, ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನವರು ಅಲ್ಲಿ ರೇಸ್ ನಡೆಸೋರು. ವಿಜಯ್ ಮಲ್ಯ ಎನ್‌ಸೈನ್ ಫಾರ್ಮುಲಾ ಒನ್ ಕಾರು ಓಡಿಸಿದ್ದೂ ಅಲ್ಲೇ. ಅದನ್ನ ನೋಡಿದ್ದು ನಮ್ಮ ಸೋದರಮಾವ, ನಾನಲ್ಲ, ಆದ್ರೆ ಅವನು ಎಷ್ಟು ಸಲ ಹೇಳಿದಾನೆ ಅಂದ್ರೆ ನಾನೇ ನೋಡಿದಂಗಿದೆ.

ಮಾವಂದು ಹೊಸೂರಲ್ಲಿ ಡೆಂಕಣಿಕೋಟೆ ರೋಡಲ್ಲಿ ಮೆಕ್ಯಾನಿಕ್ ಶಾಪು. ಆಗ ಟಿವಿಎಸ್ ಫ್ಯಾಕ್ಟ್ರಿ ಬಂದು ಸ್ವಲ್ಪ ವರ್ಷ ಆಗಿತ್ತು, ಇಂಡ್-ಸುಜುಕಿ ಹೊಸದಾಗಿ ಬಂದಿತ್ತು, ಊರ ತುಂಬಾ ಬರೀ ಗಾಡಿ ಮಾತೇ. ಮಾವನಿಗೆ ಮಾತ್ರ ಮೈಸೂರಿನ ಯೆಜ್ಡಿ ಬೈಕು ಬಿಟ್ಟು ಬೇರೆ ಏನೂ ಗಾಡಿನೇ ಅಲ್ಲ. ಅವನ ಫ್ರೆಂಡ್ ಒಬ್ರು ಓಡಿಸೋದು, ಇವನು ರೆಡಿ ಮಾಡೋದು. ಹೆಡ್‌ಲೈಟು, ಮಡ್‌ಗಾರ್ಡು, ಸೀಟಿನ ಸ್ಪಂಜು ಎಲ್ಲಾ ಬಿಚ್ಚಿ ಮೂಲೆಗೆ. ಆಮೇಲೆ ಬ್ಯಾರಲ್ಲು, ಅಂದ್ರೆ ಪಿಸ್ಟನ್ ಓಡಾಡೋ ಸಿಲಿಂಡರು, ತೊಡೆ ಮೇಲಿಟ್ಕೊಂಡು ರೌಂಡ್ ಫೈಲಲ್ಲಿ ಹೊಗೆ ಹೋಗೋ ತೂತು, ಎಕ್ಸಾಸ್ಟ್ ಪೋರ್ಟ್ ಉಜ್ಜೋನು, ಒಂದ್ ಸಲ ಉಜ್ಜಿ ಬೆರಳಲ್ಲಿ ತಡವಿ ನೋಡೋದು ಮತ್ತೆ ಉಜ್ಜೋದು. ಟೂ ಸ್ಟ್ರೋಕಲ್ಲಿ ವಾಲ್ವ್ ಇರಲ್ವಲ್ಲ, ಆ ತೂತಿನ ಎತ್ತರವೇ ಎಲ್ಲಾ. "ತೂತು ಎತ್ತರ ಮಾಡಿದ್ರೆ ಎಂಜಿನ್ ನಿಧಾನಕ್ಕೆ ತಿರುಗೋವಾಗ ಎಳೆಯಲ್ಲ ಕಣೋ, ಜೋರಾಗಿ ತಿರುಗಿದ್ರೆ ನಿಲ್ಲಲ್ಲ" ಅನ್ನೋನು.

ಮದ್ರಾಸಿಗೆ ಹೋಗಿದ್ದು ಕೊತ್ವಾಲ್ ಚಾವಡಿ ಮಾರ್ಕೆಟ್ಟಿಗೆ ಹೋಗೋ ಕೋಸಿನ ಲಾರಿಲಿ, ಮೂಟೆ ಮೇಲೆ ಯೆಜ್ಡಿ ಮಲಗಿಸಿ ಹಗ್ಗ ಕಟ್ಟಿ ಅದರ ಪಕ್ಕ ನಾವು. ಅಮ್ಮ ಪರೀಕ್ಷೆ ಇದೆ ಬೇಡ ಅಂದ್ಲು, ಮಾವ ಅಕ್ಕನ ಮಾತು ಯಾವತ್ತು ಕೇಳಿದಾನೆ.

ರನ್‌ವೇ ಅಂದ್ರೆ ನೆರಳಿಲ್ಲ ಮರ ಇಲ್ಲ, ಫೆಬ್ರವರಿಲೇ ಕಾಂಕ್ರೀಟು ಸುಡ್ತಿತ್ತು, ಗಾಳೀಲಿ ಹರಳೆಣ್ಣೆ ಸುಟ್ಟ ವಾಸನೆ. ನಮ್ಮೂರ ಕಡೆ ರಾಗಿ ಹೊಲದಲ್ಲಿ ಹಾಕೋ ಅದೇ ಹರಳು, ರೇಸ್ ಎಂಜಿನ್ನಿಗೆ ಅದರ ಎಣ್ಣೆ ಅಂದ್ರೆ ಚಿನ್ನ, ಎಷ್ಟು ಬಿಸಿಯಾದ್ರೂ ಪಿಸ್ಟನ್ ಬಿಟ್ಟು ಹೋಗಲ್ಲ.

ಬೆಳಗ್ಗೆ ಪ್ರಾಕ್ಟೀಸ್ ರೌಂಡ್ ಮುಗಿಸಿ ಗಾಡಿ ಓಡಿಸೋ ಆ ಅಣ್ಣ ಫುಲ್ ಥ್ರಾಟಲಲ್ಲೇ ಎಂಜಿನ್ ಆಫ್ ಮಾಡಿ ಕ್ಲಚ್ ಹಿಡಿದು ಹಂಗೇ ಉರುಳಿಸ್ಕೊಂಡು ಬಂದ್ರು, ಮಾವ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡ್ದ, ತುದಿ ಬೆಳ್ಳಗೆ. ಟೀ ಬಣ್ಣ ಇರಬೇಕು ಅದು, ಕಪ್ಪಾದ್ರೆ ಪೆಟ್ರೋಲ್ ಜಾಸ್ತಿ, ಬಿಳಿ ಅಂದ್ರೆ ಕಮ್ಮಿ, ಇನ್ನೊಂದೆರಡು ಲ್ಯಾಪಿಗೆ ಪಿಸ್ಟನ್ ಸೀಜು, ಬಿಸಿಗೆ ಕಚ್ಕೊಂಡು ನಿಂತೇ ಹೋಗುತ್ತೆ. ಹೊಸೂರು ಇರೋದು ಸಮುದ್ರ ಮಟ್ಟಕ್ಕಿಂತ ಹತ್ತತ್ರ 900 ಮೀಟರ್ ಮೇಲೆ, ಅಲ್ಲಿ ಗಾಳಿ ತೆಳು, ಅಲ್ಲಿಗೆ ಕೂರಿಸಿದ ಜೆಟ್ಟು, ಅಂದ್ರೆ ಕಾರ್ಬ್ಯುರೇಟರಲ್ಲಿ ಪೆಟ್ರೋಲ್ ಬಿಡೋ ಸಣ್ಣ ತೂತಿನ ಪಾರ್ಟು, ಮದ್ರಾಸಿನ ದಪ್ಪ ಗಾಳಿಗೆ ಸಾಲಲ್ಲ. ಮಾವ ಜೇಬಿಂದ ಕೂದಲೆಳೆಯಷ್ಟು ಸಣ್ಣ ಡ್ರಿಲ್ ಬಿಟ್ ತೆಗೆದು ಬೆರಳಲ್ಲೇ ತಿರುಗಿಸಿ ಜೆಟ್ ತೂತು ಒಂಚೂರು ದೊಡ್ಡದು ಮಾಡ್ದ, ಬಿಸಿಲಿಗೆ ಹಿಡಿದು ನೋಡ್ದ, ಹಾಕ್ದ. ಮುಂದಿನ ಸಲ ಬಂದಾಗ ಪ್ಲಗ್ಗು ಟೀ ಬಣ್ಣಕ್ಕೇ ಬಂದಿತ್ತು. ಅವತ್ತು ನಂಗೆ ರೇಸಿಗಿಂತ ಅದೇ ದೊಡ್ಡದು ಅನ್ನಿಸ್ತು.

ರೇಸೇನೂ ಗೆಲ್ಲಲಿಲ್ಲ. ಸ್ಟ್ರೇಟಲ್ಲಿ ಆರ್‌ಡಿ 350 ಬೈಕುಗಳು ಎರಡು ಸಿಲಿಂಡರ್ ಕಿರುಚ್ಕೊಂಡು ದಾಟಿ ಹೋದ್ವು, ನಮ್ದು ಮಧ್ಯದಲ್ಲೆಲ್ಲೋ ಬಂತು, ಎಂಜಿನ್ ಉಳೀತು. ಕಾರ್ ರೇಸಲ್ಲಿ ಫಿಯಟ್ಟು, ಹೆರಾಲ್ಡು, ಜೊತೆಗೆ ಬೆಂಗಳೂರಿನ ಸಿಪಾನಿ ಡಾಲ್ಫಿನ್ನು. ಊರಲ್ಲಿ ಫೈಬರ್ ಬಾಡಿ ಡಬ್ಬ ಅಂತ ನಗೋರು, ಇಲ್ಲಿ ಆ ಹಗುರಾನೇ ಅದಕ್ಕೆ ಬಲ. ಎಲ್ಲಾ ನಮ್ ಬೀದೀಲಿ ಓಡಾಡೋ ಗಾಡಿಗಳೇ, ಅದಕ್ಕೇ ಯಾವುದು ಯಾಕೆ ಮುಂದೆ ಹೋಯ್ತು ಅಂತ ನೋಡೋರಿಗೂ ಗೊತ್ತಾಗ್ತಿತ್ತು.

ಈಗ ವಿಂಟೇಜ್ ಶೋಗಳಲ್ಲಿ ಎಲ್ಲಾ ಶೋರೂಮಿಂದ ಇಳಿದಂಗೆ ನಿಂತಿರುತ್ವೆ, ಉಜ್ಜಿದ ಬ್ಯಾರಲ್ಲು ಕೊಯ್ದ ಸೈಲೆನ್ಸರ್ರು ಇದ್ದಿದ್ದನ್ನೆಲ್ಲಾ ಕಿತ್ತು ಸ್ಟಾಕ್ ಪಾರ್ಟ್ಸ್ ಹಾಕಿ ಒರಿಜಿನಲ್ ಅಂತಾರೆ. ಆ ಗಾಡಿ ಬಾಳಿದ್ದನ್ನ ಅಳಿಸಿದ ಮೇಲೆ ಎಂಥ ಒರಿಜಿನಲ್ಲು ಅಂತ ನಂಗೆ. ಹೋದ್ ವರ್ಷ ಬೆಂಗಳೂರಲ್ಲಿ ಒಂದು ಯೆಜ್ಡಿ ನೋಡಿ, ಸಾರ್ ಒಂದ್ಸಲ ಸ್ಟಾರ್ಟ್ ಮಾಡಿ ಅಂದೆ. "ಬೇಡ ಸಾರ್, ಸೈಲೆನ್ಸರ್ ಬಿಸಿಗೆ ಕ್ರೋಮ್ ನೀಲಿಗಟ್ಟುತ್ತೆ" ಅಂದ್ರು.