ಕಸ್ಟಮ್ ಸೈಕಲ್‌ಗೆ ಯಾವ ಕ್ರ್ಯಾಂಕ್, ಎಷ್ಟು ಹಲ್ಲಿನ ಚೈನ್‌ರಿಂಗ್?

"ಫ್ರೇಮ್‌ಗೆ ಆರ್ಡರ್ ಕೊಟ್ಟಾಯ್ತು, ಇನ್ನು ಕ್ರ್ಯಾಂಕ್ ಯಾವ್ದು ಹಾಕ್ಸ್ಲಿ, 50/34 ಸಾಕಾ ಇಲ್ಲಾ 52/36 ತಗೊಳ್ಲಾ?" ಕಸ್ಟಮ್ ಸೈಕಲ್ ಕಟ್ಟಿಸೋರು ನನ್ನನ್ನ ಕೇಳೋದ್ರಲ್ಲಿ ಇದೇ ಜಾಸ್ತಿ. ಕ್ರ್ಯಾಂಕ್ ಅಂದ್ರೆ ಪೆಡಲ್ ಕೂರೋ ತೋಳು, ಚೈನ್‌ರಿಂಗ್ ಅಂದ್ರೆ ಅದಕ್ಕೆ ಸೇರಿರೋ ಹಲ್ಲಿನ ಚಕ್ರ; 50/34 ಅಂದ್ರೆ ದೊಡ್ಡ ರಿಂಗ್‌ಗೆ 50 ಹಲ್ಲು, ಚಿಕ್ಕದಕ್ಕೆ 34. ಹಲ್ಲಿನ ಲೆಕ್ಕಕ್ಕೆ ಆಮೇಲೆ ಬರ್ತೀನಿ, ಮೊದಲು ಹೇಳ್ಬೇಕಾಗಿರೋದು ಅಂದ್ರೆ ಕ್ರ್ಯಾಂಕ್ ಯಾವುದು ಅಂತ ಫ್ರೇಮ್ ಡ್ರಾಯಿಂಗ್ ಫೈನಲ್ ಆಗೋಕೆ ಮುಂಚೆನೇ ಗೊತ್ತಿರ್ಬೇಕು. ಅಂಗಡಿಯಲ್ಲಿ ರೆಡಿ ಸೈಕಲ್ ತಗೊಂಡ್ರೆ ಇದೆಲ್ಲ ಕಂಪನಿಯವರೇ ಯೋಚಿಸಿರ್ತಾರೆ, ಕಸ್ಟಮ್ ಅಂದ್ಮೇಲೆ ಯೋಚಿಸೋರು ನಾವೇ. ಹಿಂದಿನ ಚಕ್ರದ ಕಡೆ ಹೋಗೋ ಕೆಳಗಿನ ಪೈಪು ಇದೆಯಲ್ಲ, ಚೈನ್‌ಸ್ಟೇ, ಅದರ ಒಂದು ಪಕ್ಕದಲ್ಲಿ ಟೈರ್ ಇರುತ್ತೆ, ಇನ್ನೊಂದು ಪಕ್ಕದಲ್ಲಿ ಚೈನ್‌ರಿಂಗ್ ತಿರುಗ್ತಿರುತ್ತೆ. ದಪ್ಪ ಟೈರೂ ಬೇಕು, ದೊಡ್ಡ ಚೈನ್‌ರಿಂಗೂ ಬೇಕು, ಚೈನ್‌ಸ್ಟೇ ಗಿಡ್ಡಗೂ ಇರ್ಬೇಕು ಅಂದ್ರೆ ಪೈಪಿಗೆ ಜಾಗ ಎಲ್ಲಿಂದ ಬರ್ಬೇಕು? ಮೊದಲೇ ಹೇಳಿದ್ರೆ ಫ್ರೇಮ್ ಮಾಡೋರು ಆ ಜಾಗದಲ್ಲಿ ಪೈಪನ್ನ ಸ್ವಲ್ಪ ಒತ್ತಿಯೋ ಬಗ್ಗಿಸಿಯೋ ಕೊಡ್ತಾರೆ, ಪೇಂಟ್ ಆದ್ಮೇಲೆ ಹೇಳಿದ್ರೆ ಏನೂ ಮಾಡೋಕಾಗಲ್ಲ.

ಈಗ ಹಲ್ಲು. ಎಲ್ಲರೂ ದೊಡ್ಡ ರಿಂಗ್‌ನಿಂದ ಯೋಚ್ನೆ ಶುರು ಮಾಡ್ತಾರೆ, ನಾನು ಯಾವಾಗ್ಲೂ ಚಿಕ್ಕದ್ರಿಂದ. ನೀವು ಹತ್ತೋ ಅತಿ ಕಡಿದಾದ ಏರು ಯಾವುದು, ಅಲ್ಲಿ ನಿಮ್ಮ ಕಾಲು ಎಷ್ಟು ತಡ್ಕೊಳ್ಳುತ್ತೆ, ಅದೇ ಮೊದಲ ಲೆಕ್ಕ. ಮುಂದಿನ ರಿಂಗ್‌ಗೆ 34 ಹಲ್ಲು, ಹಿಂದಿನ ಚಕ್ರದ ಹಲ್ಲುಚಕ್ರಕ್ಕೂ 34 ಇದೆ ಅಂದ್ಕೊಳ್ಳಿ, ಪೆಡಲ್ ಒಂದು ಸುತ್ತಿಗೆ ಚಕ್ರನೂ ಒಂದೇ ಸುತ್ತು, ಅಂದ್ರೆ 700ಸಿ (ರೋಡ್ ಸೈಕಲ್‌ನ ಸಾಮಾನ್ಯ ಅಳತೆ) ಚಕ್ರ ಸುಮಾರು 2.1 ಮೀಟರ್ ಮುಂದೆ ಹೋಗುತ್ತೆ. ನಿಮಿಷಕ್ಕೆ 60 ಸುತ್ತು ತುಳಿದ್ರೆ ಗಂಟೆಗೆ 7.5 ಕಿ.ಮೀ. ಸೈಕಲ್, ಸವಾರ, ಸಾಮಾನು ಎಲ್ಲ ಸೇರಿ 90 ಕೆ.ಜಿ. ಇದ್ದು 10 ಪರ್ಸೆಂಟ್ ಏರಲ್ಲಿ ಈ ವೇಗ ಇಟ್ಕೊಳ್ಳೋಕೆ ಹತ್ರ ಹತ್ರ 200 ವ್ಯಾಟ್ ಬೇಕು. ಅದೇ ಮುಂದೆ 30 ಇದ್ರೆ ಅಷ್ಟೇ ಸುತ್ತಿಗೆ 175ರ ಆಸುಪಾಸು ಸಾಕು. ಮುಕ್ಕಾಲು ಗಂಟೆ ಏರು ಹತ್ತೋರಿಗೆ ಈ 25 ವ್ಯಾಟ್ ವ್ಯತ್ಯಾಸ ಅಂದ್ರೆ, ಮೇಲೆ ತಲುಪಿದ್ಮೇಲೂ ಮುಂದೆ ಹೋಗೋಕೆ ಕಾಲಲ್ಲಿ ಶಕ್ತಿ ಉಳಿದಿರುತ್ತಾ ಇಲ್ವಾ ಅನ್ನೋ ವ್ಯತ್ಯಾಸ.

ದೊಡ್ಡ ರಿಂಗ್ 46 ಆದ್ರೆ ಸ್ಪೀಡ್ ಸಿಗಲ್ಲ ಅಂತ ಹೆದರ್ತಾರೆ. 46ಕ್ಕೆ ಹಿಂದೆ 11 ಹಾಕಿದ್ರೂ 50ಕ್ಕೆ ಹಿಂದೆ 12 ಹಾಕಿದ್ರೂ ಗೇರ್ ಹೆಚ್ಚುಕಮ್ಮಿ ಒಂದೇ, 4.18 ಮತ್ತು 4.17. 46-11ರಲ್ಲಿ ನಿಮಿಷಕ್ಕೆ 90 ಸುತ್ತು ತುಳಿದ್ರೆ ಗಂಟೆಗೆ 47 ಕಿ.ಮೀ. ದಾಟುತ್ತೆ. ರೇಸ್ ಮಾಡದವರು ಸಪಾಟು ರಸ್ತೆಯಲ್ಲಿ ಅದಕ್ಕಿಂತ ಜೋರಾಗಿ ತುಳಿಯೋದು ಎಷ್ಟು ಹೊತ್ತು ಹೇಳಿ? ಹಾಗಾಗಿ ದೂರ ಹೋಗೋ, ಲಗೇಜ್ ಕಟ್ಟೋ ಸೈಕಲ್‌ಗೆ ನನ್ನ ಓಟು 46/30ಕ್ಕೆ. ಹಿಂದೆ 11ರಿಂದ 34 ಹಲ್ಲಿನ ತನಕದ ಗೇರ್ ಸೆಟ್ ಇದ್ರೆ ಮುಗೀತು.

ಒಂದೇ ಚೈನ್‌ರಿಂಗ್ ಸಾಕಲ್ವಾ ಅಂತ ಕೇಳೋರೂ ಇದ್ದಾರೆ. ಮಣ್ಣು ಕೆಸರಲ್ಲಿ ಓಡಿಸೋರಿಗೆ ಸಾಕು, ಒಂದು ಹಲ್ಲು ಅಗಲ ಒಂದು ಹಲ್ಲು ಸಣ್ಣ ಇರೋ ನ್ಯಾರೋ-ವೈಡ್ ರಿಂಗ್ ಹಾಕಿದ್ರೆ ಚೈನ್ ಸುಲಭಕ್ಕೆ ಬೀಳಲ್ಲ. ರಸ್ತೆಯಲ್ಲಿ ಗಂಟೆಗಟ್ಟಲೆ ಒಂದೇ ಲಯದಲ್ಲಿ ತುಳಿಯೋರಿಗೆ ಮಾತ್ರ ಗೇರ್‌ಗಳ ನಡುವೆ ಅಂತರ ಜಾಸ್ತಿ ಅನ್ಸುತ್ತೆ.

ಆಮೇಲೆ ಬಿಸಿಡಿ, ಅಂದ್ರೆ ಚೈನ್‌ರಿಂಗ್ ಬೋಲ್ಟ್‌ಗಳು ಕೂರೋ ವೃತ್ತದ ಅಡ್ಡಳತೆ. ಹಳೇ ರೋಡ್ ಕ್ರ್ಯಾಂಕ್‌ಗಳಲ್ಲಿ ಸಾಮಾನ್ಯವಾಗಿ ಇರೋ 130 ಮಿ.ಮೀ.ಗೆ 38 ಹಲ್ಲಿಗಿಂತ ಚಿಕ್ಕ ರಿಂಗ್ ಕೂರಲ್ಲ, 110ಕ್ಕೆ 33ಕ್ಕಿಂತ ಚಿಕ್ಕದು ಕೂರಲ್ಲ. ಚಂದದ ಹಳೇ ಕ್ರ್ಯಾಂಕ್ ನೋಡಿ ಮನಸೋತು ತಗೊಳ್ಳೋರು ಇದನ್ನ ಮೊದಲು ನೋಡ್ಲೇಬೇಕು, ಯಾಕಂದ್ರೆ 30 ಬೇಕು ಅಂದ್ರೆ ಶಿಮಾನೋ ಜಿಆರ್‌ಎಕ್ಸ್ 46/30 ಥರ ಒಳಗಿನ ರಿಂಗ್‌ಗೆ 80 ಮಿ.ಮೀ. ಬೇರೇನೇ ಕೊಟ್ಟಿರೋ ಕ್ರ್ಯಾಂಕ್ ಬೇಕು. ಅದರ ಚೈನ್‌ಲೈನ್, ಅಂದ್ರೆ ಫ್ರೇಮ್‌ನ ನಡುಗೆರೆಯಿಂದ ಚೈನ್‌ರಿಂಗ್‌ಗಳ ಮಧ್ಯದ ತನಕ ಇರೋ ದೂರ, 46.9 ಮಿ.ಮೀ., ಎರಡು ರಿಂಗ್‌ನ ಹಳೇ ರೋಡ್ ಕ್ರ್ಯಾಂಕ್‌ನ 43.5ಕ್ಕಿಂತ ಆಚೆ. ಈ ನಂಬರನ್ನೂ ಫ್ರೇಮ್ ಮಾಡೋರಿಗೆ ಕೊಡಿ, ಮುಂದಿನ ಡಿರೈಲರ್ (ಚೈನನ್ನ ಒಂದು ರಿಂಗ್‌ನಿಂದ ಇನ್ನೊಂದಕ್ಕೆ ದಾಟಿಸೋದು) ಅಷ್ಟು ಆಚೆ ಬರುತ್ತಾ ಅಂತನೂ ನೋಡ್ಕೊಳ್ಳಿ.

ಕ್ರ್ಯಾಂಕ್ ಉದ್ದದ ಬಗ್ಗೆ ನನಗೆ ಸ್ವಲ್ಪ ಹಠನೇ ಇದೆ: ಅನುಮಾನ ಇದ್ರೆ ಗಿಡ್ಡದು ತಗೊಳ್ಳಿ. ಉದ್ದ ಇದ್ರೆ ಪವರ್ ಜಾಸ್ತಿ ಅನ್ನೋ ನಂಬಿಕೆ ಇನ್ನೂ ಗಟ್ಟಿಯಾಗಿದೆ, ಆದ್ರೆ 2001ರಲ್ಲಿ ಸಂಶೋಧಕ ಜಿಮ್ ಮಾರ್ಟಿನ್ ಅವರ ಪ್ರಯೋಗದಲ್ಲಿ 120ರಿಂದ 220 ಮಿ.ಮೀ. ತನಕ ಬದಲಾಯಿಸಿ ಪೂರ್ತಿ ಶಕ್ತಿ ಹಾಕಿಸಿ ತುಳಿಸಿದಾಗ್ಲೂ ವ್ಯತ್ಯಾಸ ಬಂದಿದ್ದು ಸುಮಾರು 4 ಪರ್ಸೆಂಟ್, ಅದೂ ತೀರಾ ಗಿಡ್ಡಕ್ಕೋ ತೀರಾ ಉದ್ದಕ್ಕೋ ಹೋದಾಗ. 165ಕ್ಕೂ 175ಕ್ಕೂ ಮಧ್ಯೆ ತಲೆ ಕೆಡಿಸ್ಕೊಳ್ಳೋ ವಿಷ್ಯ ಪವರ್ ಅಲ್ಲ, ಮಂಡಿ. ಪೆಡಲ್ ಮೇಲೆ ಬಂದಾಗ ಮಂಡಿ ಎಷ್ಟು ಮಡಿಚುತ್ತೆ ಅನ್ನೋದು. ಗಿಡ್ಡ ಕ್ರ್ಯಾಂಕ್ ಹಾಕಿದ್ರೆ ಸೀಟನ್ನ ಅಷ್ಟೇ ಮೇಲೆ ಎತ್ಬೇಕು. ತಿರುವಲ್ಲಿ ಪೆಡಲ್ ನೆಲಕ್ಕೆ ತಾಗೋದು, ಮುಂದಿನ ಚಕ್ರಕ್ಕೆ ಶೂ ತಾಗೋದು ಎರಡೂ ಕಮ್ಮಿ ಆಗುತ್ತೆ, ಅದಕ್ಕೇ ಬಾಟಮ್ ಬ್ರಾಕೆಟ್ (ಫ್ರೇಮ್‌ನಲ್ಲಿ ಕ್ರ್ಯಾಂಕ್ ಆಕ್ಸಲ್ ತಿರುಗೋ ಜಾಗ) ಎಷ್ಟು ಕೆಳಗಿರ್ಬೇಕು ಅಂತ ತೀರ್ಮಾನ ಮಾಡೋಕೆ ಮುಂಚೆ ಈ ಉದ್ದ ಗೊತ್ತಿರ್ಬೇಕು ಅಂತ ನಾನು ಪದೇ ಪದೇ ಹೇಳೋದು. ಒಂದೇ ಕೊರತೆ ಅಂದ್ರೆ 175ರಿಂದ 165ಕ್ಕೆ ಇಳಿದಾಗ ಸನ್ನೆ ಹತ್ರ ಹತ್ರ 6 ಪರ್ಸೆಂಟ್ ಕಮ್ಮಿ ಆಗಿ ಪೆಡಲ್ ಬಿಗಿ ಅನ್ಸುತ್ತೆ. 34 ತೆಗೆದು 32 ಹಾಕಿದ್ರೆ ಅದು ಸರಿಹೋಗುತ್ತೆ, ನೋಡಿ, ಮತ್ತೆ ಚಿಕ್ಕ ರಿಂಗ್‌ಗೇ ಬಂದ್ವಿ.

ಬಾಟಮ್ ಬ್ರಾಕೆಟ್‌ಗೆ ಥ್ರೆಡ್ ಇರೋದನ್ನೇ ಕೇಳಿ. 24 ಮಿ.ಮೀ. ಆಕ್ಸಲ್ ಕ್ರ್ಯಾಂಕ್ ಆದ್ರೆ 68 ಮಿ.ಮೀ. ಅಗಲದ ಬಿಎಸ್‌ಎ ಅನ್ನೋ ಹಳೇ ಥ್ರೆಡ್ ಅಳತೆ ಧಾರಾಳ ಸಾಕು, 30 ಮಿ.ಮೀ. ಆಕ್ಸಲ್ ಮೇಲೆ ಕಣ್ಣಿದ್ರೆ ಟಿ47 ಅನ್ನೋ ದೊಡ್ಡ ಥ್ರೆಡ್ ಅಳತೆ ಹಾಕ್ಸಿ, ಬೇರಿಂಗ್‌ಗೆ ಜಾಗ ಸಿಗುತ್ತೆ.

ಕೊನೆಗೆ ಜೋಡಿಸೋವಾಗ: ದೊಡ್ಡ ರಿಂಗ್‌ನ ಹೊರಮೈಯಲ್ಲಿ ಒಂದು ಪುಟ್ಟ ಪಿನ್ ಚಾಚ್ಕೊಂಡಿರುತ್ತೆ. ಅದು ಕ್ರ್ಯಾಂಕ್ ತೋಳಿನ ಹಿಂದೆ ಬರೋ ಹಾಗೆ ರಿಂಗ್ ಕೂರಿಸ್ಬೇಕು. ಚೈನ್ ಹೊರಗಡೆ ಬಿದ್ರೂ ತೋಳಿಗೂ ರಿಂಗಿಗೂ ನಡುವೆ ಸಿಕ್ಕಾಕ್ಕೊಳ್ಳದೆ ಇರೋದು ಆ ಪಿನ್‌ನಿಂದ. ಬೇರೆ ಕಡೆ ತಿರುಗಿಸಿ ಕೂರಿಸಿದ್ರೆ ಆ ರಕ್ಷಣೆ ಹೋಗುತ್ತೆ, ಗೇರ್ ಹತ್ತೋಕೆ ಅಂತ ರಿಂಗ್‌ನ ಒಳಮೈಯಲ್ಲಿ ಮಾಡಿರೋ ಏಣುಗಳೂ ತಪ್ಪು ಜಾಗಕ್ಕೆ ಬಂದು ಶಿಫ್ಟಿಂಗ್ ಒರಟಾಗುತ್ತೆ.