ನವಿಲು ಕೇಸಿನ ಅಪೀಲು ಕೇಳೋಕೆ ಹೋದ ದಿನ

ನವಿಲು ಕೊಂದ ಕೇಸೊಂದರಲ್ಲಿ ಮಹಜರಿಗೆ (ಸ್ಥಳದಲ್ಲಿ ಕಂಡಿದ್ದು, ಸಿಕ್ಕಿದ್ದನ್ನ ಬರೆದಿಡೋ ದಾಖಲೆ) ಸಹಿ ಹಾಕಿದ ಪಂಚ, ಅಂದ್ರೆ ಸಾಕ್ಷಿ, ನಾನು. ಜೆಎಂಎಫ್‌ಸಿ (ಮೊದಲ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಲ್ಲಿ 3 ವರ್ಷ ಜೈಲು, 25 ಸಾವಿರ ದಂಡ ಆಗಿತ್ತು, ಆರೋಪಿ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಹಾಕಿ ಬೇಲ್ ಮೇಲೆ ಹೊರಗಿದ್ದ. ಅಪೀಲಲ್ಲಿ ಸಾಕ್ಷಿಗಳನ್ನ ಮತ್ತೆ ಕರೆಯಲ್ಲ, ಆದ್ರೂ ಮನಸ್ಸು ತಡೀಲಿಲ್ಲ, ರಜೆ ಹಾಕಿ ಹೋಗಿ ಹಿಂದಿನ ಬೆಂಚಲ್ಲಿ ಕೂತೆ.

ಅವನ ವಕೀಲರು ಮೊದ್ಲು ಕೇಳಿದ್ದು ಶಿಕ್ಷೆ ಕಡಿಮೆ ಮಾಡಿ ಅಂತ. ಕೂಲಿ ಮಾಡೋನು, ವಯಸ್ಸಾದ ತಾಯಿ ಇದ್ದಾರೆ, ಮೊದಲನೇ ಸಲ ಸ್ವಾಮಿ ಅಂದ್ರು. ಜಡ್ಜ್ ಕೇಳಿದ್ದು ಒಂದೇ ಮಾತು, ನವಿಲು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಶೆಡ್ಯೂಲ್ 1ರಲ್ಲಿದೆ, ಅಂದ್ರೆ ಅತಿ ಹೆಚ್ಚು ರಕ್ಷಣೆ ಇರೋ ಪಟ್ಟಿಯಲ್ಲಿ, ಸೆಕ್ಷನ್ 51ರಲ್ಲಿ ಕನಿಷ್ಠ 3 ವರ್ಷ ಅಂತಿದೆ, ಅದಕ್ಕಿಂತ ಇಳಿಸೋಕೆ ದಾರಿ ಎಲ್ಲಿದೆ ತೋರ್ಸಿ. ಕಾಯ್ದೆ 7 ವರ್ಷದವರೆಗೂ ಹೇಳುತ್ತೆ, ಆದ್ರೆ ಜೆಎಂಎಫ್‌ಸಿ ಮ್ಯಾಜಿಸ್ಟ್ರೇಟರಿಗೆ 3 ವರ್ಷದ ಮೇಲೆ ಜೈಲು ಕೊಡೋ ಅಧಿಕಾರಾನೇ ಇಲ್ಲ, ಆರೋಪಿ ಹಾಕಿದ ಅಪೀಲಲ್ಲಿ ಶಿಕ್ಷೆ ಏರಿಸೋ ಹಾಗೂ ಇಲ್ಲ, ಅದಕ್ಕೆ ಸರ್ಕಾರ ಬೇರೆ ಅಪೀಲು ಹಾಕ್ಬೇಕು. ಅಲ್ಲಿಗೆ ಹೆಚ್ಚುಕಮ್ಮಿ ಉಳಿಯೋದು ಎರಡೇ, ಶಿಕ್ಷೆ ಖಾಯಂ ಇಲ್ಲಾ ಖುಲಾಸೆ. ಕೇಸು ನಿಲ್ಲೋದು ಬೀಳೋದು ಪೂರ್ತಿ ಕಾಗದದ ಮೇಲೆ ಅಂತ ನನಗೆ ಅರ್ಥ ಆಗಿದ್ದು ಅವತ್ತೇ.

ಆಮೇಲೆ ವಕೀಲರು ಸಾಕ್ಷ್ಯಕ್ಕೆ ಕೈ ಹಾಕಿದ್ರು. ನವಿಲುಗರಿ ತಾನಾಗೇ ಉದುರುತ್ತೆ, ಆಯ್ದು ಇಟ್ಕೊಂಡ್ರೆ ಅಪರಾಧನಾ ಅಂದ್ರು. ಉದುರಿದ ಗರಿಯ ಬುಡ ಒಣಗಿ ಸ್ವಚ್ಛವಾಗಿರುತ್ತೆ, ನಾನು ನೋಡಿದ ಗರಿಗಳ ಬುಡದಲ್ಲಿ ಹಸಿ ರಕ್ತ, ಮಾಂಸ ಅಂಟಿತ್ತು, ಎದ್ದು ನಿಂತು ಕೂಗಿ ಹೇಳ್ಬೇಕು ಅನ್ಸ್ತು! ಪುಣ್ಯಕ್ಕೆ ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ಮಹಜರಲ್ಲಿ ಅದನ್ನೇ ಬರೆಸಿದ್ರು. ಆದ್ರೆ ಸೀಲು ಮಾಡಿದ ಸ್ಯಾಂಪಲ್ ಲ್ಯಾಬಿಗೆ ತಗೊಂಡು ಹೋದವರು ಯಾರು, ಎಷ್ಟು ದಿನ ಎಲ್ಲಿತ್ತು ಅಂತ ಜಡ್ಜ್ ಕೇಳಿದಾಗ ಸರ್ಕಾರಿ ವಕೀಲರು ಪುಟ ಹುಡುಕ್ತಾನೇ ಇದ್ರು, ನನ್ನ ಎದೆ ಹೊಡ್ಕೊಳ್ತಿತ್ತು, ಕೊನೆಗೆ ಫಾರೆಸ್ಟ್ ಗಾರ್ಡ್ ಸಹಿ ಇದ್ದ ರಸೀದಿ ಸಿಕ್ತು, ಸೀಲಿನ ಗುರುತೂ ಡಿಎನ್‌ಎ ರಿಪೋರ್ಟಿನ ಜೊತೆ ತಾಳೆ ಆಯ್ತು.

ಮುಂದಿನ ತಾರೀಖಿಗೆ ಆದೇಶ ಬಂತು, ಶಿಕ್ಷೆ ಖಾಯಂ. ಅವನ ತಾಯಿ ಬಗ್ಗೆ ನಿಜವಾಗ್ಲೂ ಸಂಕಟ ಇದೆ, ಆದ್ರೆ ಹೊಲದ ಬದುವಿನ ಉದ್ದಕ್ಕೂ ಉರುಳು ಹಾಕಿದ್ದ ಅವನು, ಅದು ಹೊಟ್ಟೆಪಾಡಿಗೆ ಆಗಿದ್ದಲ್ಲ, ಮಾರಾಟಕ್ಕೆ. ಈಗ ಹೈಕೋರ್ಟಲ್ಲಿ ರಿವಿಷನ್ (ತೀರ್ಪು ಮರುಪರಿಶೀಲಿಸಿ ಅನ್ನೋ ಅರ್ಜಿ) ಹಾಕ್ತಾರಂತೆ, ಹಾಕ್ಲಿ, ಆ ರಸೀದಿ ಅಲ್ಲಿಗೂ ಹೋಗುತ್ತೆ.